ಊಟ ಬಿಟ್ಟ ಸಂಜೀವಣ್ಣ

ಮೊನ್ನೆ ರಕ್ತ ಪರೀಕ್ಷೆಯ ಲ್ಯಾಬಿನ ಬೆಂಚಿನ ಮೇಲೆ ನಾವು ಮೂವರು ಕೂತಿದ್ದೆವು: ತೊಡೆಯ ಮೇಲೆ ಕೊಡೆ ಇಟ್ಟುಕೊಂಡ ಒಬ್ಬ ಹಿರಿಯರು, ಫೋನಿನಲ್ಲಿ ಮುಳುಗಿದ್ದ ಅವರ ಸೊಸೆ, ಮತ್ತು ನಾನು. ಸೂಜಿ ಹಿಡಿದು ಬಂದ ಹುಡುಗಿ ಮೊದಲು ನನ್ನತ್ತ ತಿರುಗಿ, "ಊಟ ಆಯ್ತಾ ಅಂಕಲ್?" ಎಂದಳು.

"ಇಲ್ಲಮ್ಮ."

"ಬೆಳಿಗ್ಗೆಯಿಂದ ಏನೂ ತಿನ್ಲಿಲ್ವಾ?"

"ನಾಲ್ಕು ನೀರುದೋಸೆ. ಅಷ್ಟೇ."

"ಮತ್ತೆ ಅದೆಲ್ಲ ಎಲ್ಲಿಗೆ ಹೋಯ್ತು?" ಎಂದು ನಗುತ್ತಾ ಅವಳು ನನ್ನ ತೋಳಿಗೆ ಪಟ್ಟಿ ಬಿಗಿದಳು. ಸೂಜಿ ಚುಚ್ಚಿದ್ದು ನನಗೆ ಗೊತ್ತಾಗಲೇ ಇಲ್ಲ. ಆ ಹೊತ್ತಿಗೆ ನಾನು ದೋಹಾದ ಮದೀನತ್ ಖಲೀಫಾದಲ್ಲಿದ್ದೆ, ಸಂಜೀವಣ್ಣನ ಎದುರು.

ತೊಂಬತ್ತರ ದಶಕದ ನಡುವಿನ ಮಾತು. ದೊಡ್ಡದೊಂದು ವಿಲ್ಲಾದ ಹಿಂಬದಿಯ ಕೋಣೆ ನಮ್ಮದು. ಅದರಲ್ಲೊಂದು ಹಳೆಯ ಏಸಿ. ಅದರ ಸದ್ದನ್ನು ಮೀರಿ ಮಾತಾಡಿ ಮಾತಾಡಿ ನಾವೆಲ್ಲ ಊರಿಗೆ ಬಂದಾಗಲೂ ಕೂಗಿಯೇ ಮಾತಾಡುತ್ತಿದ್ದೆವು. ನಾನು ಒಂದು ಟ್ರೇಡಿಂಗ್ ಕಂಪನಿಯಲ್ಲಿ ಟೈಪಿಸ್ಟ್, ಬೆರಳು ಬಿಟ್ಟರೆ ಮೈಯ ಬೇರಾವ ಭಾಗಕ್ಕೂ ಕೆಲಸ ಕೊಡದವನು. ಜೊತೆಗಿದ್ದ ಇಸ್ಮಾಯಿಲಾಕ ಉಳ್ಳಾಲದ ಕಡೆಯ ಬ್ಯಾರಿ, ಮುಶೈರಿಬ್‌ನ ಬಟ್ಟೆ ಅಂಗಡಿಯಲ್ಲಿ ಸೇಲ್ಸ್‌ಮನ್. ಸಂಜೀವಣ್ಣ ಕಾರ್ಕಳದವರು, ಮನೆಮಾತು ತುಳು. ರಾಸ್ ಲಫಾನ್‌ನಲ್ಲಿ ಆಗ ಗ್ಯಾಸಿನ ಸ್ಥಾವರಗಳು ಏಳುತ್ತಿದ್ದವು. ಅಲ್ಲಿ ಅವರು ಕ್ರೇನ್ ಆಪರೇಟರ್. ವಾರವಿಡೀ ಕ್ಯಾಂಪಿನ ವಾಸ. ಗುರುವಾರ ಸಂಜೆ ಕಂಪನಿ ಬಸ್ಸಿಳಿದು ನಮ್ಮಲ್ಲಿಗೆ ಬಂದುಬಿಡುತ್ತಿದ್ದರು, ಶುಕ್ರವಾರದ ಊಟಕ್ಕೆ. ಇಸ್ಮಾಯಿಲಾಕ ಜುಮಾ ನಮಾಜು ಮುಗಿಸಿ ಬರುವಷ್ಟರಲ್ಲಿ ಸಂಜೀವಣ್ಣ ಊರಿನ ಕುಚ್ಚಲಕ್ಕಿ ಅನ್ನ, ಹಮ್ಮೂರ್ ಮೀನಿನ ಸಾರು ಮಾಡಿಟ್ಟಿರುತ್ತಿದ್ದರು. ಆ ಅನ್ನದ ರಾಶಿಯನ್ನು ನೀವು ನೋಡಬೇಕಿತ್ತು. ಹಿಂದೆ ಕೂತವರ ಮುಖ ಕಾಣುತ್ತಿರಲಿಲ್ಲ.

ಒಂದು ಗುರುವಾರ ಅವರು ಬಂದವರೇ ಚಪ್ಪಲಿಯನ್ನೂ ಕಳಚದೆ ಮಂಚದ ಮೇಲೆ ಕೂತರು. ಕಂಪನಿಯ ಮೆಡಿಕಲ್‌ನಲ್ಲಿ ಸಕ್ಕರೆ ಕಾಯಿಲೆ ಸಿಕ್ಕಿಬಿದ್ದಿತ್ತು. ಕ್ರೇನಿನ ಮೇಲಿದ್ದವನಿಗೆ ಕಣ್ಣು ಮಂಜಾದರೆ ಕಬ್ಬಿಣ ಬೀಳುವುದು ಕೆಳಗಿದ್ದವರ ತಲೆಯ ಮೇಲೆ. ಎರಡು ತಿಂಗಳಲ್ಲಿ ಸಕ್ಕರೆ ಇಳಿಯಬೇಕು, ಇಳಿಯದಿದ್ದರೆ ಖಲಾಸ್, ಊರಿಗೆ ಟಿಕೆಟ್. ಕ್ರೇನ್ ಬಿಟ್ಟು ಬೇರೆ ವಿದ್ಯೆ ಅವರಿಗೆ ತಿಳಿದಿರಲಿಲ್ಲ. ಅವರ ಕ್ರೇನಿನಿಂದ ಎತ್ತುವಂಥ ಭಾರ ಆಗಿನ ನಮ್ಮೂರಲ್ಲಿ ಯಾವುದೂ ಇರಲಿಲ್ಲ.

ಹತ್ತಿರದ ಕ್ಲಿನಿಕ್ಕಿಗೆ ಮೂವರೂ ಹೋದೆವು. ಡಾಕ್ಟರು ಮಲಯಾಳಿ. ಅವರ ಹಿಂದಿ ನಮ್ಮ ಹಿಂದಿಯಷ್ಟೇ ಬಡವಾದ್ದರಿಂದ ಮಾತುಕತೆ ಸಲೀಸಾಗಿ ನಡೆಯಿತು. "ಚಾವಲ್ ಬಂದ್. ಖಾನೇ ಕೆ ಬಾದ್ ಏಕ್ ಗೋಲಿ," ಎಂದರು. ಬಟ್ಟೆ ಅಂಗಡಿಯಲ್ಲಿ ಐದು ಭಾಷೆ ಅಳೆದು ಕೊಡುವ ಇಸ್ಮಾಯಿಲಾಕ ಕೂಡಲೇ ಕನ್ನಡ ಮಾಡಿದರು: "ಅನ್ನ ಬಂದ್. ಊಟದ ಮೇಲೆ ಒಂದು ಗುಳಿಗೆ." ಒಂದಕ್ಷರ ತಪ್ಪಿಲ್ಲ. ಎಡವಟ್ಟು ಕೂತದ್ದು ಆ ಎರಡು ಮಾತುಗಳ ನಡುವೆ.

ಇಲ್ಲಿ ಸ್ವಲ್ಪ ದಾರಿ ಬಿಡುತ್ತೇನೆ, ಸಹಿಸಿಕೊಳ್ಳಿ. ನಮ್ಮ ಕಡೆ ಊಟವೆಂದರೆ ಅನ್ನ. ಉಳಿದದ್ದೆಲ್ಲ ಬಾಯಾಡಿಸುವುದು. ನೆಂಟರ ಮನೆಯಲ್ಲಿ ಹತ್ತು ದೋಸೆ ತಿಂದವನೂ ಹಿಂದಿರುಗಿ, "ಪಾಪಿಗಳು, ಒಂದು ತುತ್ತು ಊಟ ಹಾಕಲಿಲ್ಲ" ಎನ್ನುತ್ತಾನೆ. ನನ್ನ ಅಜ್ಜಿಗೆ ಶನಿವಾರ ಒಪ್ಪತ್ತು. "ರಾತ್ರಿ ನನಗೆ ಊಟ ಇಲ್ಲ" ಎಂದು ಬಹಳ ವೈರಾಗ್ಯದಿಂದ ಹೇಳಿ, ಬೆಲ್ಲ ಕಾಯಿ ಹಾಕಿದ ಅವಲಕ್ಕಿಯನ್ನು ಎರಡು ಬಾಳೆಹಣ್ಣಿನ ಸಮೇತ ಮುಗಿಸುತ್ತಿದ್ದಳು. ದೇವರು ಕೂಡ ಅದನ್ನು ಉಪವಾಸವೆಂದೇ ಒಪ್ಪಿಕೊಂಡಿದ್ದ.

ಅಂಥ ಪರಂಪರೆಯ ಸಂಜೀವಣ್ಣ ಊಟ ಬಿಟ್ಟರು. ನನಗೂ ಇಸ್ಮಾಯಿಲಾಕನಿಗೂ ಎಂದಿನಂತೆ ಅನ್ನ ಬಡಿಸಿ, ತಾವು ಗೋಡೆಗೊರಗಿ ಅರಬ್ಬರ ರೊಟ್ಟಿ ಖುಬ್ಬೂಸನ್ನು ಹರಿದು ಸಾರಿಗೆ ಅದ್ದುತ್ತಿದ್ದರು.

"ಎಷ್ಟನೇದು ಸಂಜೀವಣ್ಣ?" ಎಂದು ಇಸ್ಮಾಯಿಲಾಕ ಕೆಣಕಿದರೆ, "ಇದರಲ್ಲಿ ಎಂತ ಉಂಟು ಮಾರಾಯ? ಒಳಗೆ ಬರೀ ಗಾಳಿ. ಒತ್ತಿದ್ರೆ ಚಪ್ಪಟೆ," ಎಂದು ಒತ್ತಿ ತೋರಿಸುತ್ತಿದ್ದರು. ಚಹಕ್ಕೆ ಸಕ್ಕರೆ ಮಾಫಿ, ಅಂದರೆ ಅರಬ್ಬಿಯಲ್ಲಿ 'ಇಲ್ಲ'. ನಡುವೆ ಹಸಿವಾದರೆ ಖರ್ಜೂರ. ಹಣ್ಣು ತಾನೆ, ಫಲಾಹಾರ.

ಪಥ್ಯದ ಫಲ ಕಾಣತೊಡಗಿತು. ಹೊಟ್ಟೆ ಇಳಿಯಿತು, ಕೆನ್ನೆ ಇಳಿಯಿತು. ಇಸ್ಮಾಯಿಲಾಕ ಮೊಳೆ ಕಾಯಿಸಿ ಅವರ ಬೆಲ್ಟಿಗೆ ಹೊಸ ತೂತು ಮಾಡಿಕೊಟ್ಟರು. "ಮದುಮಗನ ಹಾಗೆ ಆಗಿದ್ದೀರಿ" ಎಂದು ನಾನೂ ಹೊಗಳಿದೆ. ಸಂಜೀವಣ್ಣ ನಾಚಿಕೊಂಡು ಒಂದು ಚೆಂಬು ನೀರು ಕುಡಿದರು, ಮತ್ತೆ ಇನ್ನೊಂದು. "ಒಂದು ಮಾತ್ರ ಗೊತ್ತಾಗುದಿಲ್ಲ," ಎಂದರು ಮೆಲ್ಲಗೆ. "ಇಷ್ಟು ಹಗುರ ಆದ ಮೇಲೆ ಕ್ರೇನ್ ಹತ್ತುದು ಸುಲಭ ಆಗ್ಬೇಕಲ್ಲ? ಏಣಿಯನ್ನು ಯಾರೋ ಉದ್ದ ಮಾಡಿದ ಹಾಗೆ ಕಾಣ್ತದೆ."

ಕಂಪನಿಯ ಪರೀಕ್ಷೆಗೆ ಮೊದಲು ಒಮ್ಮೆ ನೋಡಿಸಿಬಿಡೋಣವೆಂದು ಅದೇ ಕ್ಲಿನಿಕ್ಕಿಗೆ ಹೋದೆವು. ಸಕ್ಕರೆ ಮೊದಲಿಗಿಂತ ಮೇಲೇರಿತ್ತು. ಡಾಕ್ಟರು ಕನ್ನಡಕ ತೆಗೆದು, "ಗೋಲಿ ಖಾಯಾ?" ಎಂದು ಕೇಳಿದರು.

"ನಹೀ ಡಾಕ್ಟರ್."

"ಕ್ಯೋಂ ನಹೀ?"

"ಖಾನಾ ಹೀ ನಹೀ ಖಾಯಾ," ಎಂದರು ಸಂಜೀವಣ್ಣ, ವ್ರತ ಮುರಿಯದವರ ಹೆಮ್ಮೆಯಿಂದ. ಊಟವೇ ಇಲ್ಲದ ಮೇಲೆ ಊಟದ ಮೇಲಿನ ಗುಳಿಗೆ ಎಲ್ಲಿಯದು? ಸಾಕ್ಷಿಗೆ ಜೇಬಿನಿಂದ ಗುಳಿಗೆಯ ಹಾಳೆಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಒಂದೂ ಒಡೆದಿರಲಿಲ್ಲ.

"ದೋ ಮಹೀನಾ ಖಾನಾ ನಹೀ ಖಾಯಾ?"

"ಬಿಲ್ಕುಲ್ ನಹೀ. ಖಾಲಿ ಖುಬ್ಬೂಸ್ ಖಾಯಾ."

ಡಾಕ್ಟರು ಬೈಯುತ್ತಾರೆಂದು ನಾನು ನೆಲ ನೋಡಿದೆ. ಅವರು ನಗುತ್ತಿದ್ದರು. ಅನ್ನ ಉಣ್ಣದಿದ್ದರೆ ಉಂಡಂತಲ್ಲ ಎನ್ನುವ ತಾಯಿ ಅವರ ಮನೆಯಲ್ಲೂ ಇದ್ದಳಂತೆ. ಬಳಿಕ ನಗು ನಿಲ್ಲಿಸಿ, ಅರ್ಧ ಹಿಂದಿ ಅರ್ಧ ಮಲಯಾಳದಲ್ಲಿ ವಿವರಿಸಿದರು. ಅನ್ನವಿರಲಿ, ಖುಬ್ಬೂಸ್ ಇರಲಿ, ಖರ್ಜೂರವಿರಲಿ, ಹೊಟ್ಟೆಯೊಳಗೆ ಕರಗಿ ರಕ್ತಕ್ಕೆ ಇಳಿಯುವಾಗ ಎಲ್ಲದರ ಹೆಸರೂ ಒಂದೇ, ಗ್ಲೂಕೋಸ್. ಅದು ವಿಷವಲ್ಲ. ಮಿದುಳು ಯೋಚಿಸುವುದು, ತೋಳು ಕ್ರೇನಿನ ಲಿವರ್ ಎಳೆಯುವುದು ಅದರ ಬಲದಿಂದಲೇ. ಆದರೆ ರಕ್ತದಲ್ಲಿ ತುಂಬಿದ್ದು ಮಾಂಸಖಂಡದೊಳಗೆ ಹೋಗದಿದ್ದರೆ ಏನು ಪ್ರಯೋಜನ?

ಸಂಜೀವಣ್ಣ ನಮ್ಮ ಕಡೆ ತಿರುಗಿದರು. "ಪೈಪಿನಲ್ಲಿ ಗ್ಯಾಸ್ ತುಂಬಿ ಉಂಟು. ವಾಲ್ವ್ ಸರಿ ತೆರೆಯುದಿಲ್ಲ. ಒಲೆ ಹತ್ತುದಿಲ್ಲ. ಹಾಗೆ ಅಲ್ವಾ?"

ಇಸ್ಮಾಯಿಲಾಕ ಅದನ್ನು ದಾಟಿಸಿದರು. ಹಾಗೆಯೇ, ಎಂದರು ಡಾಕ್ಟರು. ಗುಳಿಗೆ ಇರುವುದು ವಾಲ್ವ್ ಸಡಿಲಿಸುವುದಕ್ಕೆ.

"ಮತ್ತೆ ನಾನು ತೆಳ್ಳಗೆ ಆದದ್ದು?"

ಒಲೆಗೆ ಗ್ಯಾಸ್ ಬಾರದಾಗ ಮೈ ತನ್ನ ಮಾಂಸ ಕೊಬ್ಬನ್ನೇ, ಮನೆಯ ಕಿಟಕಿ ಬಾಗಿಲು ಮುರಿದು ಉರಿಸಿದಂತೆ, ಉರಿಸಿತ್ತು. ನಾವಿಬ್ಬರೂ ಅದನ್ನು ನೋಡಿ ಮದುಮಗ ಎಂದಿದ್ದೆವು.

ಹೊರಗೆ ಬಂದ ಮೇಲೆ ಸಂಜೀವಣ್ಣ ಬಿಸಿಲಿನಲ್ಲೇ ನಿಂತು ಹೇಳಿದರು: "ಹಾಗಾದ್ರೆ ಈ ರಕ್ತಕ್ಕೆ ಭಾಷೆ ಬರುದಿಲ್ಲ. ನಾವು ತಿಂಡಿ ಅಂದ್ರೂ ಅದಕ್ಕೆ ಊಟವೇ."

ಕಂಪನಿಯವರ ಕೈಕಾಲು ಹಿಡಿದು ಇನ್ನೊಂದು ತಿಂಗಳು ಪಡೆದರು. ಆ ತಿಂಗಳು ಬಾಯಿಗೆ ಬಿದ್ದದ್ದೆಲ್ಲ ಊಟ. ಅರ್ಧ ಖುಬ್ಬೂಸ್, ಮೀನು, ಸೌತೆಕಾಯಿ, ಗುಳಿಗೆ. ಶುಕ್ರವಾರ ಒಂದು ಸೌಟು ಅನ್ನ. ಹಿಂದೆ ಕೂತವರ ಮುಖ ಈಗ ಪೂರ್ತಿ ಕಾಣುತ್ತಿತ್ತು. "ನೊಣ ನುಂಗಿದ್ರೂ ಗುಳಿಗೆ ಉಂಟಾ ಸಂಜೀವಣ್ಣ?" ಎಂದು ಇಸ್ಮಾಯಿಲಾಕ ಕೇಳಿದರೆ, "ಡಾಕ್ಟರನ್ನು ಕೇಳಿ ಹೇಳ್ತೇನೆ" ಎನ್ನುತ್ತಿದ್ದರು. ಸಕ್ಕರೆ ಇಳಿಯಿತು. ಸಂಜೀವಣ್ಣ ಮತ್ತೆ ಕ್ರೇನ್ ಹತ್ತಿದರು. ಏಣಿ ಹಳೆಯ ಅಳತೆಗೆ ಬಂದಿದೆ ಎಂದರು.

ಇದೆಲ್ಲ ನೆನೆದು ಲ್ಯಾಬಿನಿಂದ ನಗುತ್ತಲೇ ಮನೆಗೆ ಬಂದೆ. ಸಂಜೆ ರಿಪೋರ್ಟ್ ಬಂತು. ಮರುದಿನ ಡಾಕ್ಟರು ನನಗೂ ಒಂದು ಗುಳಿಗೆ ಬರೆದರು, ಊಟದ ಮೇಲೆ. ಮನೆಗೆ ಬಂದು ಕಾರ್ಕಳಕ್ಕೆ ಫೋನ್ ಹಚ್ಚಿದೆ. ಸಂಜೀವಣ್ಣನ ಕಿವಿ ಈಗ ಮಂದ; ಏಸಿ ಇಲ್ಲದೆಯೂ ಕೂಗಬೇಕು. ವಿಷಯವನ್ನು ಕೂಗಿಯೇ ಹೇಳಿದೆ.

"ಊಟ ಆಯ್ತಾ?" ಎಂದರು.

ಚಹದ ಜೊತೆ ಮೂರು ರಸ್ಕ್ ತಿಂದಿದ್ದೆ.

"ಆಯ್ತು ಸಂಜೀವಣ್ಣ," ಎಂದು ಕೂಗಿ, ಗುಳಿಗೆಯ ಹಾಳೆ ಒಡೆದೆ.