ಸ್ಟಾರ್ಟರ್ ಮೇಲಿನ ಟಾವೆಲ್

ಮಲಕವ್ವನ ಸಿಟ್ಟು ಐನಾಪುರದ ಹೊಳೆದಂಡೆಗೆ ಹೊಸದೇನಲ್ಲ. ಪಾಳಿ ತಪ್ಪಿಸಿ ನೀರು ಹಾಯಿಸಿಕೊಂಡವನು, ಪೈಪಿನ ಮೇಲೆ ಟ್ರ್ಯಾಕ್ಟರ್ ಹತ್ತಿಸಿದವನು, ದಂಡೆಯ ಮೇಲೆ ಬಾಟಲಿ ಒಡೆದು ಹೋದವನು, ಎಲ್ಲರೂ ಅವಳ ಬಾಯಿಗೆ ಸಿಕ್ಕವರೇ. ಐವತ್ತು ದಾಟಿದ ಹೆಂಗಸು, ಹುಡುಗಿಯಾಗಿದ್ದಾಗ ಅಪ್ಪನ ಕುರಿಗಳ ಹಿಂದೆ ಅಲೆದು ಬೆಳೆದವಳು. ಬಯಲಲ್ಲಿ ಕುರಿ ಕರೆದ ಗಂಟಲು ಅದು. ಒಲೆಯ ಮುಂದೆ ಕುಳಿತು ಮಾತಾಡಿದರೂ ಪಕ್ಕದ ಓಣಿಗೆ ಕೇಳಿಸುತ್ತದೆ. ನಾಲ್ಕು ಮನೆಯವರು ಕೂಡಿ ಕೃಷ್ಣೆಯ ದಂಡೆಯಲ್ಲಿ ಕೂರಿಸಿದ ಪಂಪಿನ ಉಸ್ತುವಾರಿ ಅವಳದು. ಅವಳನ್ನು ಯಾರೂ ಆರಿಸಿರಲಿಲ್ಲ. ಆ ಕೆಲಸ ನಾನು ಮಾಡುತ್ತೇನೆ ಎಂದು ಅವಳೆದುರು ಹೇಳುವ ಧೈರ್ಯ ಬೇರೆಯವರಿಗೆ ಬರಲಿಲ್ಲ, ಅಷ್ಟೇ.

ಆದರೆ ಈ ಸಲದ ಸಿಟ್ಟು ಬೇರೆ. ಈ ಸಲ ಅವಳು ಕೂಗುತ್ತಿರಲಿಲ್ಲ. ಕುಡಚಿ ದಾಟಿ ರಾಯಬಾಗಕ್ಕೆ ಹೋಗುವ ಬಸ್ಸಿನಲ್ಲಿ ಹಲ್ಲು ಕಚ್ಚಿಕೊಂಡು ಕುಳಿತಿದ್ದಳು. ಪಕ್ಕದಲ್ಲಿ ತಮ್ಮ ಮಾಳು, ಬಲಗೈಗೆ ದಪ್ಪ ಬಿಳಿ ಪಟ್ಟಿ. ಮಾಳು ಕುರಿಯ ಉಣ್ಣೆ ಕತ್ತರಿಸುವವನು. ಉಣ್ಣೆ ತೆಗೆಯುವ ಕಾಲ ಬಂತೆಂದರೆ ಸುತ್ತಲಿನ ಹಟ್ಟಿಗಳಿಂದೆಲ್ಲ ಅವನಿಗೆ ಕರೆ ಬರುತ್ತಿತ್ತು. ಅವನ ಕತ್ತರಿ ಕುರಿಯ ತೊಗಲಿಗೆ ತಾಕಿದ್ದನ್ನು ಕಂಡವರಿಲ್ಲ. ಆ ಕೈಯಲ್ಲಿ ಈಗ ಹೆಬ್ಬೆರಳೂ ಇಲ್ಲ, ಅದರ ಪಕ್ಕದ ಬೆರಳೂ ಇಲ್ಲ.

ಹೊಳೆದಂಡೆಯಲ್ಲಿ ಒಂದು ರೂಢಿಯಿದೆ. ಪಂಪಿನೊಳಗೆ ಕೈ ಹಾಕುವವನು ಮೋಟರ್ ನಿಲ್ಲಿಸಿ ತನ್ನ ಟಾವೆಲನ್ನು ಸ್ಟಾರ್ಟರ್ ಮೇಲೆ ಹೊದಿಸುತ್ತಾನೆ. ಟಾವೆಲ್ ಕಂಡ ಮೇಲೆ ಯಾರೂ ಗುಂಡಿ ಮುಟ್ಟುವುದಿಲ್ಲ; ಬದುವಿನ ಜಗಳಕ್ಕೆ ಮಾತು ಬಿಟ್ಟವನು ಕೂಡ ಮುಟ್ಟುವುದಿಲ್ಲ. ಫ್ಯೂಜ್ ಕಿತ್ತಿಡುವುದು ಒಳ್ಳೆಯದೆಂದು ಎಲ್ಲರಿಗೂ ಗೊತ್ತು. ಆದರೆ ಫ್ಯೂಜ್ ಇರುವುದು ಮೇಲೆ ದಿಬ್ಬದ ಕಂಬದಲ್ಲಿ, ಟಾವೆಲ್ ಇರುವುದು ಹೆಗಲ ಮೇಲೆ. ಅಪ್ಪಂದಿರ ಕಾಲದಿಂದಲೂ ಟಾವೆಲ್ ಯಾರಿಗೂ ಮೋಸ ಮಾಡಿರಲಿಲ್ಲ.

ಆಮೇಲೆ ಪೆಟ್ಟಿಗೆ ಬಂತು. ರಾಯಬಾಗದ ರಾಜಾರಾಮ ತನ್ನ ಅಂಗಡಿಯಲ್ಲೇ ಜೋಡಿಸಿ ಮಾರುವ, ಅಂಗೈ ಅಗಲದ ಪೆಟ್ಟಿಗೆ. ಅದನ್ನು ಸ್ಟಾರ್ಟರಿಗೆ ಕಟ್ಟಿದರೆ ಮನೆಯಲ್ಲಿ ಚಹಾ ಕುಡಿಯುತ್ತಲೇ ಮೊಬೈಲಿನಿಂದ ಮೋಟರ್ ಶುರು ಮಾಡಬಹುದು, ನಿಲ್ಲಿಸಬಹುದು. ಕರೆಂಟ್ ಹೋಗಿ ಬಂದರೆ ಯಾರನ್ನೂ ಕೇಳದೆ ತಾನೇ ಶುರು ಮಾಡಿಕೊಳ್ಳುತ್ತದೆ. ಅದಕ್ಕೆ ಆಟೋ ಎಂದು ಹೆಸರು. ನಾಲ್ಕೂ ಮನೆಯವರು ಕುಣಿದರು. ಮಲಕವ್ವ ಮಾತ್ರ ಒಂದು ಪ್ರಶ್ನೆ ಕೇಳಿದ್ದಳು.

"ಟಾವೆಲ್ ಹಾಕಿದ್ದು ಇದಕ್ಕ ಹೆಂಗ ಕಾಣ್ತೈತಿ?"

ರಾಜಾರಾಮ ನಕ್ಕಿದ್ದ. "ಮೊಬೈಲ್‌ನ್ಯಾಗ ಬಂದ್ ಮಾಡ್ರಿ ಮಾವಶಿ. ನೀವು ಹೇಳೂ ತನಕಾ ಚಾಲೂ ಆಗೂದಿಲ್ಲ. ಅದಽ ನಿಮ್ಮ ಟಾವೆಲ್ ಅಂತ ತಿಳೀರಿ."

ಆ ದಿನ ಮಾಳು ಮೊಬೈಲಿನಲ್ಲಿ ಬಂದ್ ಮಾಡಿದ. ಉಳಿದ ಮೂರು ಮನೆಗೂ ಫೋನ್ ಮಾಡಿ ಹೇಳಿದ. ರೂಢಿ ಬಿಡಬಾರದೆಂದು ಟಾವೆಲನ್ನೂ ಹೊದಿಸಿದ. ಪಂಪಿನ ತಿರುಗುವ ದಂಡದ ಸುತ್ತ ನೀರು ಸೋರುತ್ತಿತ್ತು. ಸೋರದಂತೆ ಅಲ್ಲಿ ಸುತ್ತಿದ್ದ ಹಗ್ಗ, ಹಳೆಯ ದೋರಿ, ಕಿತ್ತು ಹೊಸದನ್ನು ಬೆರಳಿನಿಂದ ತುರುಕುತ್ತ ಕುಳಿತ. ಯಾರೂ ಏನೂ ಒತ್ತದೆ ಮೋಟರ್ ತಿರುಗಿತು. ದೋರಿ ಬೆರಳಿಗೆ ಸುತ್ತಿಕೊಂಡು ಕೈಯನ್ನು ಒಳಕ್ಕೆ ಎಳೆಯಿತು.

ಮಲಕವ್ವ ಮೊದಲು ಮನುಷ್ಯರನ್ನೇ ಅನುಮಾನಿಸಿದಳು. ಮೂರೂ ಮನೆಯ ಬಾಗಿಲಲ್ಲಿ ನಿಂತು ಜನ್ಮ ಜಾಲಾಡಿದಳು. ಪಾಲುದಾರರಲ್ಲಿ ಹಿರಿಯನಾದ ಲಗಮಣ್ಣ ಮಗನ ತಲೆಯ ಮೇಲೆ ಕೈಯಿಟ್ಟು, "ನಾ ಮೊಬೈಲ್ ಮುಟ್ಟಿಲ್ಲ ಯವ್ವಾ" ಎಂದು ಅತ್ತುಬಿಟ್ಟ. ಮುದುಕನ ಕಣ್ಣೀರು ನೋಡಿ ಅವಳು ಆ ಬಾಗಿಲು ಬಿಟ್ಟು ಬಂದಳು. ಸಿಟ್ಟು ಮಾತ್ರ ಇಳಿಯಲಿಲ್ಲ, ರಾಯಬಾಗದ ಕಡೆಗೆ ತಿರುಗಿತು.

ರಾಜಾರಾಮ ಮಾಳುವಿನ ಕೈ ನೋಡಿ, "ಅಯ್ಯಯ್ಯ" ಎಂದು ಕುರ್ಚಿ ಎಳೆದು ಕೊಟ್ಟ. ಆಮೇಲೆ ತನ್ನ ಕೈ ತೊಳೆದುಕೊಳ್ಳಲು ಶುರು ಮಾಡಿದ.

"ನೆಟ್‌ವರ್ಕ್ ಪ್ರಾಬ್ಲೆಮ್ ಇರಬೇಕ್ರಿ ಮಾವಶಿ. ಮತ್ತ ಫ್ಯೂಜ್ ತಗದಿದ್ರ ಇದೇನೂ ಆಗ್ತಿರಲಿಲ್ಲ ನೋಡ್ರಿ."

"ಬಂದ್ ಮಾಡಿದ್ರ ಅದಽ ಟಾವೆಲ್ ಅಂದಾಂವ ಯಾರಲೇ? ನೀನೋ, ನಿನ್ನ ನೆಟ್‌ವರ್ಕೋ?"

ಮೂಲೆಯಲ್ಲಿ ಬೆಸುಗೆ ಹಾಕುತ್ತಿದ್ದ ಪೂನಮ ಕೆಲಸ ನಿಲ್ಲಿಸಿದಳು. ಚಿಕ್ಕೋಡಿಯಲ್ಲಿ ಡಿಪ್ಲೊಮಾ ಮುಗಿಸಿ ಈ ಅಂಗಡಿ ಸೇರಿದವಳು. ಪೆಟ್ಟಿಗೆಗಳನ್ನು ಜೋಡಿಸುವುದು ಅವಳೇ. "ಅತ್ತೀ, ನಾ ಹೇಳ್ತೀನ್ರಿ" ಎಂದಳು. ರಾಜಾರಾಮ ಕಣ್ಣು ಕೆಂಪಗೆ ಮಾಡಿದ. ಅವಳು ಮಾಳುವಿನ ಪಟ್ಟಿಯನ್ನೇ ನೋಡುತ್ತಿದ್ದಳು.

"ಮೊದಲ ಈ ಪೆಟಗಿ, ಇದರ ಸಾಫ್ಟ್‌ವೇರ್ ಕಳಸೂ ಪುಣೆ ಕಂಪನಿಯ ಕಂಪ್ಯೂಟರ್ ಜೋಡಿ ಬಯಲಾಗ ಮಾತಾಡ್ತಿತ್ರಿ. ನಡುವ ಯಾರರ ಕಳ್ಳ ಹುಕುಂ ಕಳಿಸಿ ನಿಮ್ಮ ಮೋಟರ್ ಚಾಲೂ ಮಾಡಬಹುದಿತ್ತು. ಅದಕ್ಕ ಅವರು ಬಯಲ ದಾರಿ ಮುಚ್ಚಿದ್ರು. ಈಗ ಎಲ್ಲಾ ಗುಟ್ಟಿನ ಮಾತು. ಲೈನ್ ಕಡದಾಗೊಮ್ಮೆ ಪೆಟಗಿ ಅವರ ಗುರುತಿನ ಪತ್ರಾ ತರಿಸಿ, ಓದಿ, ಖರೇ ಐತೋ ಇಲ್ಲೋ ನೋಡಿ, ದೊಡ್ಡ ಲೆಕ್ಕಾ ಮಾಡಬೇಕು. ನಿಮ್ಮ ಮೊಬೈಲಿಗೆ ಅದು ಏನೂ ಅಲ್ಲ. ಇದರಾಗಿನ ಚಿಪ್ಪಿನ ಮೆಮರಿ ಭಾಳ ಸಣ್ಣದ್ರಿ. ಪತ್ರಾ ಓದೂದ್ರಾಗ ಜಾಗಾ ತೀರಿಬಿಡ್ತೈತಿ."

"ತೀರಿದ್ರ?"

"ಬವಳಿ ಬಂದಂಗ ಬಿದ್ದು ಮತ್ತ ಏಳ್ತೈತಿ. ಎದ್ದ ಮ್ಯಾಲೆ ಹಿಂದಿಂದೇನೂ ನೆನಪಿರೂದಿಲ್ಲ, ನೀವು ಬಂದ್ ಮಾಡಿದ್ದೂ ನೆನಪಿರೂದಿಲ್ಲ. ಕರೆಂಟ್ ಈಗ ಬಂತು ಅಂತ ತಿಳಕೊಂಡು ಮೋಟರ್ ಚಾಲೂ ಮಾಡ್ತೈತಿ."

ಮಲಕವ್ವನಿಗೆ ಮೈಯೆಲ್ಲ ಉರಿದುಹೋಯಿತು. ಯಾರೂ ಕಣ್ಣಾರೆ ಕಾಣದ ಕಳ್ಳನಿಗೆ ಹೆದರಿ ಇಷ್ಟೆಲ್ಲ ಮಾಡಿದವರು, ಪಂಪಿನ ಮುಂದೆ ಕುಳಿತ ಮನುಷ್ಯನನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

"ಯಾವ ಕಳ್ಳ ಬಂದಿದ್ದ ನನ್ನ ಪಂಪಿಗೆ?"

"ಕಳ್ಳ ಇಲ್ಲ ಅನ್ನಾಕ ಬರೂದಿಲ್ರಿ ಅತ್ತೀ, ಆ ಕಾವಲು ಬೇಕಽ ಬೇಕು. ಅದನ್ನ ಹೊರೂವಂಥಾ ದೊಡ್ಡ ಚಿಪ್ಪು ಹಾಕಬೇಕಿತ್ತು. ಇಲ್ಲಂದ್ರ ಆಟೋನರ ತಗೀಬೇಕಿತ್ತು. ನಾ ಅಣ್ಣಾರಿಗೆ ಹೇಳಿದ್ದೆ."

ಮಲಕವ್ವ ರಾಜಾರಾಮನ ಕಡೆ ತಿರುಗಿದಳು. ಅಂದರೆ ಇವನಿಗೆ ಗೊತ್ತಿತ್ತು. ಗೊತ್ತಿದ್ದೂ ಕುರ್ಚಿ ಎಳೆದು ಕೊಟ್ಟು ನೆಟ್‌ವರ್ಕ್ ಎಂದಿದ್ದ.

"ಆಟೋ ತಗದ್ರ ಪೆಟಗಿ ಯಾರ ತಗೋತಾರ್ರಿ?" ರಾಜಾರಾಮನ ದನಿಯೂ ಏರಿತು. "ಈಗ ಪುಣೆಯಿಂದ ಹೊಸಾ ಸಾಫ್ಟ್‌ವೇರ್ ಬಂದೈತಿ. ಪತ್ರಾ ಓದೂದಿಲ್ಲ, ಗುರುತು ನೋಡೂದಿಲ್ಲ, ಸೀದಾ ಮಾತಾಡ್ತೈತಿ. ಇನ್ನ ಬೀಳೂದಿಲ್ಲ."

"ಗುರುತು ನೋಡದಿದ್ರ ಆ ಕಳ್ಳನ್ನೂ ಒಳಗ ಬಿಟ್ಟಂಗಽ ಆತಲ್ಲ ಅಣ್ಣಾ" ಎಂದಳು ಪೂನಮ, ಮೆಲ್ಲಗೆ.

ದಂಡೆಯುದ್ದಕ್ಕೂ ಇಂಥ ಪೆಟ್ಟಿಗೆಗಳು ಎಷ್ಟಿವೆಯೋ. ಅಷ್ಟೂ ಕಡೆ ಯಾವನೋ ಒಬ್ಬ ಟಾವೆಲ್ ಹೊದಿಸಿ, ನಂಬಿ, ಕೈ ಹಾಕುತ್ತಿರುತ್ತಾನೆ. ಮಲಕವ್ವ ಕುರ್ಚಿ ಬಿಟ್ಟೆದ್ದು ಅಂಗಡಿಯ ಬಾಗಿಲಿಗೆ ಅಡ್ಡಲಾಗಿ ಕುಳಿತಳು. "ನೀ ದಂಡಿಗೆ ಬಂದು ನಿನ್ನ ಕೈಲೆ ಸರಿ ಮಾಡಿ ತೋರಸು. ಅಲ್ಲೀತನಕಾ ನಾ ಏಳೂದಿಲ್ಲ" ಎಂದಳು. ಬಂದ ಗಿರಾಕಿಗಳಿಗೆಲ್ಲ ತಮ್ಮನ ಕೈ ತೋರಿಸಿ, ಬಯಲಿನ ಆ ಗಂಟಲಿನಲ್ಲಿ, ಆದದ್ದನ್ನು ಮೊದಲಿನಿಂದ ಹೇಳಿದಳು. ಮಧ್ಯಾಹ್ನದೊಳಗೆ ರಾಜಾರಾಮ ಜೀಪು ಹೊರಗೆ ತೆಗೆದ.

ದಂಡೆಯ ಮೇಲೆ ಲಗಮಣ್ಣನೂ ಉಳಿದ ಪಾಲುದಾರರೂ ಕಾಯುತ್ತಿದ್ದರು. ಪೂನಮ ಹೊಸ ಸಾಫ್ಟ್‌ವೇರ್ ಹಾಕಿದಳು. ರಾಜಾರಾಮ ಮೊಬೈಲಿನಲ್ಲಿ ಮೋಟರ್ ಶುರು ಮಾಡಿದ, ನಿಲ್ಲಿಸಿದ. "ಆತು ನೋಡ್ರಿ" ಎಂದು ಅಂಗೈ ಒರೆಸಿಕೊಂಡ.

"ಆತು ಅಂದ್ರ ಛಲೋ ಆತು," ಎಂದಳು ಮಲಕವ್ವ. ಪಂಪಿನ ಬಳಿ ಬಿದ್ದಿದ್ದ ದೋರಿಯನ್ನು ಎತ್ತಿ ಅವನ ಕೈಗೆ ಕೊಟ್ಟಳು. ಅದರ ತುದಿಯಲ್ಲಿ ಕಪ್ಪು ಕಲೆ ಇನ್ನೂ ಇತ್ತು. "ನನ್ನ ತಮ್ಮ ಅರ್ಧಕ್ಕ ಬಿಟ್ಟ ಕೆಲಸಾ. ನೀ ಮುಗಸು."

ಮಾಳು ಮುಂದೆ ಬಂದ. ಎಡಗೈಯಿಂದ ಹೆಗಲ ಟಾವೆಲ್ ತೆಗೆದು ಸ್ಟಾರ್ಟರ್ ಮೇಲೆ ಹೊದಿಸಿದ.

ರಾಜಾರಾಮ ದೋರಿ ಹಿಡಿದು ನಿಂತ. ಪಂಪು ನೋಡಿದ, ಟಾವೆಲ್ ನೋಡಿದ. ಆಮೇಲೆ ದಿಬ್ಬದ ಕಡೆ ಹೆಜ್ಜೆ ಹಾಕಿದ.

"ಎಲ್ಲಿ ಹೊಂಟಿ?"

"ಫ್ಯೂಜ್..."

"ಯಾಕ? ಪೆಟಗಿ ಸರಿ ಆತು ಅಂದೆಲ್ಲ. ಇನ್ನ ಬೀಳೂದಿಲ್ಲ ಅಂದೆಲ್ಲ. ಹಾಕಲೇ ಕೈ!"

ಆ ಕೂಗಿಗೆ ಹೊಳೆಯಾಚೆ ಎಮ್ಮೆ ಮೈ ತೊಳೆಯುತ್ತಿದ್ದವನೂ ತಲೆಯೆತ್ತಿದ. ರಾಜಾರಾಮ ಪಂಪಿನ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಕೈ ಮುಂದೆ ಹೋಯಿತು, ದಂಡದ ಹತ್ತಿರ ನಿಂತಿತು, ಹಿಂದೆ ಬಂತು. ಮತ್ತೊಮ್ಮೆ ಹೋಗಲಿಲ್ಲ. ಹಣೆಯ ಬೆವರು ಗದ್ದದವರೆಗೆ ಇಳಿಯುತ್ತಿತ್ತು. ಯಾರೂ ನಗಲಿಲ್ಲ.

"ಪೂನಮ," ಎಂದ ಅವನು, ತಲೆಯೆತ್ತದೆ. "ಆಟೋದ ವಾಯರ್ ಕಡೀವಾ."

"ಇದೊಂದಽ ಏನಣ್ಣಾ?"

"ಎಲ್ಲಾ ಪೆಟಗೀದೂ. ನಾಳಿಂದ ದಂಡಿ ಹಿಡದು ಹೋಗೂನು."

ಪೂನಮ ವಾಯರ್ ಕತ್ತರಿಸಿದಳು. ಮಲಕವ್ವ ತಾನೇ ದಿಬ್ಬ ಹತ್ತಿ ಫ್ಯೂಜ್ ಕಿತ್ತು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ರಾಜಾರಾಮನ ಕೈಯಿಂದ ದೋರಿ ಕಸಿದು ತಾನೇ ಕುಳಿತು ತುರುಕಿದಳು. ಮಾಳು ಎಡಗೈಯಿಂದ ದೋರಿಯ ಇನ್ನೊಂದು ತುದಿ ಹಿಡಿದಿದ್ದ. ಹಿಡಿತ ಸಿಗದೆ ಅದು ಮತ್ತೆ ಮತ್ತೆ ಜಾರುತ್ತಿತ್ತು.

ಕೆಲಸ ಮುಗಿದ ಮೇಲೆ ರಾಜಾರಾಮ ಹತ್ತಿರ ಬಂದ. ಹಗುರಾದವನಂತೆ ಕಾಣುತ್ತಿದ್ದ. "ಈಗರ ನಿಮ್ಮ ಸಿಟ್ಟು ಇಳೀತೇನ್ರಿ ಮಾವಶಿ?" ಎಂದ.

ಮಲಕವ್ವ ತಮ್ಮನ ಪಟ್ಟಿ ಸುತ್ತಿದ ಕೈಯನ್ನು ಎತ್ತಿ ಅವನ ಮುಖದ ಮುಂದೆ ಹಿಡಿದಳು.

"ಈ ಕೈಯಾಗ ಕತ್ತರಿ ಹಿಡಿಸು. ಆಮ್ಯಾಲೆ ಕೇಳು."