ಹಂಡೆ ಹುಡುಕಲು ಒಂದು ಹಾರ್ಡ್ ಡಿಸ್ಕು

ನನ್ನ ಮೊಮ್ಮಗಳು ಕಂಪ್ಯೂಟರಿನಲ್ಲಿ ಆಟ ಆಡುವಾಗ ಕಿವಿಗೆ ದಪ್ಪ ಹೆಡ್‌ಫೋನ್ ಹಾಕಿಕೊಂಡು ಬೀದಿಗೆಲ್ಲ ಕೇಳುವ ಹಾಗೆ ಕಿರುಚುತ್ತಾಳೆ. ಮೊದಲ ಸಲ "ನಿನ್ನ ಹಿಂದೇನೇ ಇದಾನೆ, ಹೊಡಿ, ಹೊಡಿ" ಅಂದಾಗ ಮನೆಗೆ ಕಳ್ಳ ನುಗ್ಗಿದನೆಂದು ನಾನು ಪೊರಕೆ ಹಿಡಿದು ಓಡಿದ್ದೆ. ಕೋಣೆಯಲ್ಲಿ ಅವಳೊಬ್ಬಳೇ ಇದ್ದಳು. ಹೊಡೆಯಬೇಕಾದವನು ಪರದೆಯೊಳಗಿದ್ದ. ಅವತ್ತಿನಿಂದ ಆ ಕೋಣೆಯಿಂದ ಎಂಥ ಕೂಗು ಬಂದರೂ ನಾನು ಕೂತಲ್ಲಿಂದ ಏಳುವುದಿಲ್ಲ.

ಡಿಗ್ರಿ ಎರಡನೇ ವರ್ಷದಲ್ಲಿರುವ ಈ ಹುಡುಗಿಗೆ ಕಾಲೇಜಿಗೆಂದು ಕೊಡಿಸಿದ ಲ್ಯಾಪ್‌ಟಾಪು ಆಟಕ್ಕೆ ಸಾಲದಾಯಿತು. ಹೊಸ ಕಂಪ್ಯೂಟರ್ ಬೇಕು, ಅದೂ ಅಂಗಡಿಯಲ್ಲಿ ಜೋಡಿಸಿಟ್ಟದ್ದು ಬೇಡ, ಒಂದೊಂದು ಭಾಗವನ್ನೂ ತಾನೇ ಆರಿಸಿ ತಾನೇ ಕೂಡಿಸುತ್ತೇನೆ ಎಂದು ಹಟ ಹಿಡಿದಳು. ನನ್ನ ಮಗ, ಅಂದರೆ ಅವಳಪ್ಪ, "ಇದೇನು ಮನೆ ಕಟ್ಟೋ ಕೆಲಸಾನಾ?" ಅಂದ. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಅಂಗಳದಲ್ಲಿ ನಾವು ಬಾಡಿಗೆ ಮನೆಗಳನ್ನು ಕಟ್ಟಿಸಿದಾಗ ಇಟ್ಟಿಗೆ ಒಬ್ಬನ ಹತ್ತಿರ, ಮರಳು ಇನ್ನೊಬ್ಬನ ಹತ್ತಿರ, ಬಾಗಿಲು ಮತ್ತೊಬ್ಬನ ಹತ್ತಿರ ತಂದಿರಲಿಲ್ಲವೇ?

ನಾನು ಅವಳ ಕಡೆ ವಾಲಿದ್ದು ಪ್ರೀತಿಯಿಂದ ಎಂದು ಯಾರೂ ತಿಳಿಯಬೇಡಿ. ನನಗೊಂದು ಹಂಡೆ ಬೇಕಾಗಿತ್ತು.

ಅದು ನನ್ನ ತವರಿನಿಂದ ಬಂದ ತಾಮ್ರದ ಹಂಡೆ. ಮಗಳ ಮದುವೆ ಇದೇ ಅಂಗಳದಲ್ಲಿ ಚಪ್ಪರ ಹಾಕಿ ಮಾಡಿದೆವು. ಮದುವೆ ಮುಗಿಯುವ ಹೊತ್ತಿಗೆ ಹಂಡೆ ಇರಲಿಲ್ಲ. ಪಾತ್ರೆಪಡಗದ ಉಸ್ತುವಾರಿ ವಹಿಸಿದ್ದವಳು ನನ್ನ ವಾರಗಿತ್ತಿ, ಗಂಡನ ತಮ್ಮನ ಹೆಂಡತಿ. ಅವಳೇ ಹೊತ್ತುಕೊಂಡು ಹೋಗಿದ್ದಾಳೆ ಎಂದು ಅವತ್ತೇ ಅಂದೆ. ಆಮೇಲೆ ಎಲ್ಲಿ ಸಿಕ್ಕರೂ ಅಂದೆ. ಅವಳು ತಣಿಸಂದ್ರದ ಅಪಾರ್ಟ್‌ಮೆಂಟಿಗೆ ಹೋದ ಮೇಲೆ ಫೋನಿನಲ್ಲೂ ಅಂದೆ. "ನಿನ್ನ ಅಂಡೆ ನಂಗ್ಯಾಕಕ್ಕ? ನಮ್ಮನೇಲಿ ಗೀಸರ್ ಐತೆ" ಎನ್ನುವುದು ಅವಳ ಖಾಯಂ ಉತ್ತರ. ಗೀಸರ್ ಇದ್ದವರು ಹಂಡೆ ಕದಿಯಬಾರದು ಎಂದು ಕಾನೂನಿದೆಯೇ?

ಈಚೆಗೆ ನೆಂಟರ ಮನೆಯ ನಾಮಕರಣದಲ್ಲಿ ಇದೇ ಮಾತು ಎದ್ದು, ಎಲೆ ಮುಂದೆ ಕೂತವರೆಲ್ಲ ಕೈ ತಡೆದು ನೋಡುವಂತಾಯಿತು. ಅಲ್ಲೇ ನಾನು ಎಲ್ಲರೆದುರು ಪಣ ಕಟ್ಟಿದೆ. "ಮದ್ವೆ ವಿಡಿಯೋ ನಮ್ಮ ಹಳೇ ಕಂಪ್ಯೂಟರ್‌ನಲ್ಲಿದೆ. ಹೊಸದು ಬರ್ಲಿ, ಹಾಕಿ ತೋರಿಸ್ತೀನಿ. ನೀನು ತಗೊಂಡಿಲ್ಲ ಅಂತ ಕಂಡ್ರೆ, ನಿನ್ನ ಮನೆ ಬಾಗ್ಲಿಗೇ ಬಂದು ತಪ್ಪಾಯ್ತು ಅಂತೀನಿ."

"ಆಗ್ಲಿ. ಇವರೆಲ್ಲ ಸಾಕ್ಷಿ" ಎಂದು ಅವಳು ಪಾಯಸ ಹಾಕಿಸಿಕೊಂಡಳು.

ವಿಡಿಯೋದವನು ಹಾಡು ಸೇರಿಸಿ ಚಂದ ಮಾಡಿ ಕೊಟ್ಟ ಸಿಡಿಯನ್ನು ನಾನೇ ಪಾರಿವಾಳ ಓಡಿಸಲು ತಾರಸಿಯಲ್ಲಿ ದಾರ ಕಟ್ಟಿ ನೇತುಹಾಕಿದ್ದೆ. ಪಾರಿವಾಳ ಹೋಗಲಿಲ್ಲ, ಸಿಡಿ ಹೋಯಿತು. ಆದರೆ ಕತ್ತರಿಸದ ಇಡೀ ಚಿತ್ರೀಕರಣ ಕೆಟ್ಟು ಕೂತ ಹಳೆ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿತ್ತು. ಮೊಮ್ಮಗಳು ಅದನ್ನು ಬಿಚ್ಚಿ ತೆಗೆದು ನನ್ನ ಕೈಗೆ ಕೊಟ್ಟು, "ಅಜ್ಜಿ, ನೀರು ತಾಗದ ಕಡೆ ಭದ್ರವಾಗಿಡು" ಅಂದಳು. ಊರಿಗೆ ಹೋಗುವಾಗ ನನ್ನ ಬಂಗಾರ ಎಲ್ಲಿ ಇರುತ್ತದೋ ಅಲ್ಲೇ ಇಟ್ಟೆ.

ಒಂದು ಬೆಳಗ್ಗೆ ಇಬ್ಬರೂ ಕೊಡಿಗೇಹಳ್ಳಿಯಲ್ಲಿ ಆಟೋ ಹತ್ತಿ, ಹೆಬ್ಬಾಳದ ಫ್ಲೈಓವರ್ ಮೇಲೆ ನಿಲ್ಲಬೇಕಾದಷ್ಟು ಹೊತ್ತು ನಿಂತು, ಆರ್.ಟಿ. ನಗರದ ಒಂದು ಅಂಗಡಿಗೆ ಹೋದೆವು. ಮೊಮ್ಮಗಳ ಫೋನಿನಲ್ಲಿ ಮದುವೆ ಸಾಮಾನಿನ ಚೀಟಿಯಷ್ಟು ಉದ್ದದ ಪಟ್ಟಿ ಇತ್ತು. ಅಂಗಡಿಯವನು ನನಗೆ ಸ್ಟೂಲು ಕೊಟ್ಟು, ಇವಳ ಮುಂದೆ ಡಬ್ಬಿಗಳನ್ನು ಹರಡಿದ. ರ್ಯಾಮ್ ಎಂಬ ಎರಡು ಪಟ್ಟಿ ತೋರಿಸಿ ಸ್ವಿಚ್ ಒತ್ತಿದ. ಕೆಂಪು, ಹಸಿರು, ನೀಲಿ ದೀಪ ಹರಿದಾಡಿತು. ಮೊಮ್ಮಗಳ ಬಾಯಿ ತೆರೆದುಕೊಂಡಿತು.

"ಈ ದೀಪ ಇದ್ರೆ ಕೆಲ್ಸ ಜೋರಾಗಿ ಆಗುತ್ತೇನಪ್ಪ?" ಎಂದೆ.

"ಇಲ್ಲಮ್ಮ, ನೋಡಕ್ಕೆ ಚೆನ್ನಾಗಿರುತ್ತೆ ಅಷ್ಟೇ."

"ಹಂಗಾದ್ರೆ ಮೂಗುಬೊಟ್ಟು. ಇಲ್ಲದ್ದು ಕೊಡು."

"ಅಜ್ಜಿ!" ಅಂದಳು ಮೊಮ್ಮಗಳು.

"ನೀನು ಆಡೋದು ಪರದೆ ನೋಡ್ಕೊಂಡೋ, ಡಬ್ಬಿ ನೋಡ್ಕೊಂಡೋ?"

ಕೊನೆಗೆ ದೀಪದ್ದನ್ನೇ ತೆಗೆದುಕೊಂಡಳು. ಅವಳು ಕೂಡಿಟ್ಟ ದುಡ್ಡು, ಅವಳ ಮೂಗುಬೊಟ್ಟು. ಆದರೆ ಆ ದೀಪಕ್ಕೆಂದು ಪವರ್ ಸಪ್ಲೈನಲ್ಲಿ ದುಡ್ಡು ಉಳಿಸಲು ಹೊರಟಾಗ ನಾನು ಬಿಡಲಿಲ್ಲ. ಎಲ್ಲಕ್ಕೂ ಕರೆಂಟು ಹಂಚುವ ಡಬ್ಬಿ ಅದೇ ಎಂದು ಅಂಗಡಿಯವನು ಹೇಳಿದ್ದ. ನಮ್ಮ ಬಾಡಿಗೆ ಮನೆಯೊಂದಕ್ಕೆ ಅಗ್ಗದ ವೈರು ಎಳೆಸಿ, ಎರಡು ವರ್ಷದಲ್ಲಿ ಗೋಡೆ ಒಡೆಸಿದ ಮಹಾರಾಯ ಇವಳಪ್ಪನೇ.

ಆಮೇಲೆ ಬಂದದ್ದು ನನ್ನ ವಿಷಯ. ಇವಳ ಲೆಕ್ಕ ಹೀಗಿತ್ತು: ಆಟಕ್ಕೆ ಒಂದು ಚಿಕ್ಕ, ಚುರುಕಾದ ಎಸ್‌ಎಸ್‌ಡಿ, ಮಿಕ್ಕಿದ್ದಕ್ಕೆಲ್ಲ ಮನೆಯಲ್ಲಿರುವ ಹಳೆಯ ಹಾರ್ಡ್ ಡಿಸ್ಕು. ಎಸ್‌ಎಸ್‌ಡಿಯನ್ನು ನನ್ನ ಅಂಗೈ ಮೇಲೆ ಇಟ್ಟಳು. ಮುರಿದ ಬಾಚಣಿಗೆಯ ತುಂಡಿನಷ್ಟಿತ್ತು.

"ಹಾರ್ಡ್ ಡಿಸ್ಕ್ ಒಳಗೆ ತಟ್ಟೆ ತಿರುಗ್ತಾ ಇರುತ್ತೆ ಅಜ್ಜಿ. ಇದ್ರಲ್ಲಿ ಏನೂ ತಿರುಗಲ್ಲ, ಅಲ್ಲಾಡಲ್ಲ. ಆದ್ರೂ ಅದಕ್ಕಿಂತ ಸ್ಪೀಡು."

"ನಮ್ಮನೇಲೂ ಕೂತಲ್ಲಿಂದ ಅಲ್ಲಾಡದೋರು ಇದಾರೆ. ಸ್ಪೀಡು ಮಾತ್ರ ನಾನು ಕಂಡಿಲ್ಲ."

ಹಳೆಯ ಡಿಸ್ಕು ಕೊನೆಕೊನೆಗೆ ಟಕ್ ಟಕ್ ಎನ್ನುತ್ತಿದ್ದದ್ದನ್ನು ನಾನು ಮರೆತಿರಲಿಲ್ಲ. ಕುಂಟುವ ಎತ್ತಿಗೆ ಯಾರೂ ಹೊಸ ಗಾಡಿ ಕಟ್ಟುವುದಿಲ್ಲ. ಹಾಗಾಗಿ ದೊಡ್ಡ ಹೊಸ ಡಿಸ್ಕಿನ ಖರ್ಚು ನನ್ನದು, ಆದರೆ ಕಂಪ್ಯೂಟರ್ ಎದ್ದ ಕೂಡಲೇ ಮೊದಲ ಕೆಲಸ ಮದುವೆ ವಿಡಿಯೋ, ಆಮೇಲೆ ಆಟ ಎಂದೆ. ಅವಳು ಕೈಮೇಲೆ ಕೈ ಹಾಕಿ ಒಪ್ಪಿದಳು.

ನಾನು ಅಂದದ್ದು ಕೇಳಿಸಿಕೊಂಡ ಅಂಗಡಿಯವನು ಒಳಗಿನಿಂದ ಒಂದು ಡಿಸ್ಕು ತಂದ. "ಅಮ್ಮ, ಇದು ಡಬಲ್ ಸೈಜು, ರೇಟು ಕಮ್ಮಿ. ಹೊಸದರ ಥರಾನೇ."

ನಾನು ಓದಿರುವುದು ಮೂರನೇ ಕ್ಲಾಸು. ಆದರೆ ಮೂವತ್ತು ವರ್ಷ ಹಸು ಕಟ್ಟಿದವಳು. ಬಾಯಿ ಬಿಡಿಸಿ ಹಲ್ಲು ನೋಡದೆ ಒಂದು ಹಸುವನ್ನೂ ಮನೆಗೆ ತಂದಿಲ್ಲ. "ಹೊಸದರ ಥರ ಅಂದ್ರೆ ಹೊಸದಲ್ಲ. ಇದು ಎಷ್ಟನೇ ಸೂಲು?" ಎಂದು ಕೇಳಿದೆ.

ಹಸು ಎಷ್ಟು ಸಲ ಕರು ಹಾಕಿದೆ ಎನ್ನುವ ಲೆಕ್ಕ ಅವನಿಗೆ ಅರ್ಥವಾಗಲಿಲ್ಲ. ಮೊಮ್ಮಗಳಿಗೆ ಆಯಿತು. "ಅದನ್ನ ನಿಮ್ಮ ಸಿಸ್ಟಮ್‌ಗೆ ಹಾಕಿ, ಎಷ್ಟು ಗಂಟೆ ಓಡಿದೆ ನೋಡೋಣ" ಅಂದಳು. ಡಿಸ್ಕಿಗೂ ಹಲ್ಲು ಇರುತ್ತದೆಂದು ನನಗೆ ತಿಳಿದದ್ದು ಆಗಲೇ. ಅದು ಎಷ್ಟು ಹೊತ್ತು ದುಡಿದಿದೆ ಎಂಬುದು ಅದರೊಳಗೇ ಬರೆದಿರುತ್ತದಂತೆ. ಇವಳು ಪರದೆ ನೋಡಿ ನಕ್ಕಳು. ಯಾವುದೋ ಕಟ್ಟಡದ ಕ್ಯಾಮೆರಾಗಳಿಗೆ ಹಗಲೂ ರಾತ್ರಿ ವರ್ಷಗಟ್ಟಲೆ ದುಡಿದು ಬಂದ ಮುದಿ ಡಿಸ್ಕು ಅದು.

"ಗೊಡ್ಡು ಹಸ, ಒಳಗೆ ಕಟ್ಟಪ್ಪ" ಎಂದೆ. ಅವನೂ ನಗುತ್ತ ಸೀಲು ಒಡೆಯದ ಹೊಸ ಡಬ್ಬಿ ತಂದ.

ಭಾನುವಾರ ಬೆಳಗ್ಗೆ ನಡುಮನೆಯಲ್ಲಿ ಚಾಪೆ ಹಾಸಿ ಕೂಡಿಸಲು ಕೂತಳು. ಎಲ್ಲ ಭಾಗಗಳೂ ಕೂರುವ ದೊಡ್ಡ ಹಲಗೆಗೆ ಮದರ್‌ಬೋರ್ಡ್ ಎನ್ನುತ್ತಾರೆ. ಯಾರ ಭಾರವನ್ನಾದರೂ ಹೊರಬೇಕೆಂದರೆ ತಾಯಿ ಹೆಸರೇ ನೆನಪಾಗುತ್ತದೆ ಇವರಿಗೆ. ಅವಳು ಸ್ಕ್ರೂ ಬಿಗಿಯುತ್ತಿದ್ದಳು, ನಾನು ಸ್ಕ್ರೂಗಳನ್ನು ಕುಂಕುಮದ ಬಟ್ಟಲಿನಲ್ಲಿಟ್ಟುಕೊಂಡು ಒಂದೊಂದಾಗಿ ಕೊಡುತ್ತಿದ್ದೆ. ಸ್ವಿಚ್ ಒತ್ತಿದಾಗ ಮೊದಲ ಸಲಕ್ಕೇ ಎದ್ದಿತು. ದೀಪಗಳು ಹರಿದಾಡಿದವು. ನೋಡಲು ಚೆನ್ನಾಗಿಯೇ ಇತ್ತು, ನಾನು ಹೇಳಲಿಲ್ಲ.

"ಅಜ್ಜಿ, ಹಳೇ ಡಿಸ್ಕ್ ತಾ."

ನಾನು ಅಡುಗೆ ಮನೆಗೆ ಹೋಗಿ ರಾಗಿ ಡ್ರಮ್ಮಿಗೆ ಮೊಣಕೈವರೆಗೆ ಕೈ ಹಾಕಿ ಡಿಸ್ಕನ್ನು ಎಳೆದು ತಂದೆ. ಮೊಮ್ಮಗಳು ಅದನ್ನು ನೋಡಿದಳು, ಅದರಿಂದ ಚಾಪೆಯ ಮೇಲೆ ಉದುರಿದ ರಾಗಿ ನೋಡಿದಳು, ನನ್ನನ್ನು ನೋಡಿದಳು.

"ಭದ್ರವಾಗಿಡು ಅಂದೆ ಕಣಜ್ಜಿ. ಬಿತ್ತನೆ ಮಾಡು ಅನ್ನಲಿಲ್ಲ."

ಊದಿ, ಒರೆಸಿ, ಮೇಜಿನ ಮೇಲಿಟ್ಟು ಕೇಬಲ್ ಸಿಕ್ಕಿಸಿದಳು. ಕಂಪ್ಯೂಟರಿಗೆ ಅದು ಕಾಣಲಿಲ್ಲ. ಬಿಚ್ಚಿ ಮತ್ತೆ ಸಿಕ್ಕಿಸಿದಳು. ಕಾಣಲಿಲ್ಲ. ಅಂಗಡಿಯವನಿಗೆ ಫೋನು ಮಾಡಿದರೆ, ಸತ್ತಿರಬಹುದು, ಒಳಗಿನದನ್ನು ತೆಗೆಸಲು ದೊಡ್ಡ ಕಡೆ ಕಳಿಸಬೇಕು, ಬರುವ ಖಾತ್ರಿಯಿಲ್ಲ ಅಂದ. ವಾರಗಿತ್ತಿ ಪಾಯಸ ಹಾಕಿಸಿಕೊಂಡ ಮುಖ ಕಣ್ಣಿಗೆ ಬಂತು. ಸಾಕ್ಷಿ ಸತ್ತಿತು ಎಂದರೆ ಸಾಯುವವರೆಗೂ ಅವಳು ಆಡಿಕೊಳ್ಳುತ್ತಾಳೆ.

"ಕರೆಂಟ್ ತೆಗಿ. ಅದನ್ನ ಇತ್ತ ಕೊಡು" ಎಂದೆ.

ಡಿಸ್ಕನ್ನು ಕಿಟಕಿ ಬೆಳಕಿಗೆ ಹಿಡಿದೆ. ಪೊರೆ ತೆಗೆಸಿದ ಮೇಲೆ ನನ್ನ ಕಣ್ಣು ಮನೆಯಲ್ಲಿ ಎಲ್ಲರಿಗಿಂತ ಚೊಕ್ಕ. ಕೇಬಲ್ ಕೂರುವ ಸೀಳಿನ ಮೂಲೆಯಲ್ಲಿ ಒಂದೇ ಒಂದು ರಾಗಿ ಕಾಳು ಸಿಕ್ಕಿಕೊಂಡು ಕೂತಿತ್ತು. ಕೇಬಲ್ ಒಳಗೆ ಹೋದಂತೆ ಕಂಡರೂ ಪೂರ್ತಿ ಕೂರಲು ಅದು ಬಿಟ್ಟಿರಲಿಲ್ಲ. ಬಳೆಗೆ ನೇತುಹಾಕಿಕೊಂಡ ಪಿನ್ನು ಬಿಚ್ಚಿ, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಮೆಲ್ಲಗೆ ಎಬ್ಬಿಸಿದೆ. ಹೊರಗೆ ಬಂತು. ಸಿಕ್ಕಿಸಿದಳು. ಟಕ್ ಟಕ್ ಎಂದು ಎರಡು ಸಲ ಕೆಮ್ಮಿ ಡಿಸ್ಕು ತಿರುಗಿತು.

ನಾನು ಕೂಡಲೇ ವಾರಗಿತ್ತಿಗೆ ಫೋನು ಮಾಡಿ, "ಮಧ್ಯಾಹ್ನ ಊಟಕ್ಕೆ ಬಾ. ನಿನ್ನ ಸಿನಿಮಾ ಇದೆ" ಎಂದೆ.

ಮೊಮ್ಮಗಳು ನೋಡಲು ಶುರು ಮಾಡುವವಳಿದ್ದಳು. ನಾನೇ ತಡೆದೆ. ಈ ಮುದಿ ಡಿಸ್ಕು ಯಾವ ಗಳಿಗೆ ನಿಲ್ಲುತ್ತದೋ, ಮೊದಲು ಹೊಸ ಡಿಸ್ಕಿಗೂ ಹಾಕು, ಆ ಬಾಚಣಿಗೆ ತುಂಡಿಗೂ ಹಾಕು, ಆಮೇಲೆ ನೋಡೋಣ ಎಂದೆ. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ. ಊಟದ ಹೊತ್ತಿಗೆ ನಕಲು ಮುಗಿಯಿತು. ಓಡಿಸಿ ಓಡಿಸಿ ಮದುವೆಯ ಕೊನೆಯ ದಿನಕ್ಕೆ ಬಂದೆವು.

ಅಂಗಳದಲ್ಲಿ ಶಾಮಿಯಾನದವರ ಟೆಂಪೋ ನಿಂತಿದೆ. ಬಾಡಿಗೆ ಪಾತ್ರೆ ತುಂಬುತ್ತಿದ್ದಾರೆ. ನಡುವೆ ನಾನು, ಮೆಂತ್ಯದ ಬಣ್ಣದ ರೇಷ್ಮೆ ಸೀರೆ ಉಟ್ಟು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಎಲ್ಲರಿಗೂ ಅಪ್ಪಣೆ ಕೊಡುತ್ತಿದ್ದೇನೆ. ಗೋಡೆ ಪಕ್ಕದಲ್ಲಿ ನನ್ನ ಹಂಡೆ. ವಾರಗಿತ್ತಿ ಅದರ ಕಂಠಕ್ಕೆ ಕೈ ಹಾಕುತ್ತಾಳೆ. "ನೋಡು, ನೋಡು!" ಎಂದು ನಾನು ಮೊಮ್ಮಗಳ ತೋಳು ಹಿಂಡಿದೆ.

"ಅಕ್ಕ, ಈ ಅಂಡೆ ನಮ್ದು ಕಣಕ್ಕ" ಎಂದಳು ವಿಡಿಯೋದ ವಾರಗಿತ್ತಿ.

"ನಮ್ಮ ಹಂಡೆ ನಂಗೆ ಗೊತ್ತಿಲ್ವಾ? ಅದು ಶಾಮಿಯಾನದವರದ್ದು, ಬಿಡೇ ಅತ್ಲಾಗೆ" ಎಂದಿತು ನನ್ನದೇ ಗಂಟಲು. "ಏಯ್, ಎತ್ತಪ್ಪ ಇದನ್ನ! ಜಾಗ ಖಾಲಿ ಮಾಡ್ರಿ!"

ಟೆಂಪೋದವನು ಎತ್ತಿದ. ಹಂಡೆ ಹೋಯಿತು.

ಮೊಮ್ಮಗಳು ನಗು ತಡೆಯಲಾರದೆ ಚಾಪೆಯ ಮೇಲೆ ಉರುಳಿದಳು.

"ಅಳಿಸು" ಎಂದೆ.

"ಯಾವ್ದನ್ನ ಅಜ್ಜಿ? ಹೊಸ ಡಿಸ್ಕಲ್ಲೂ ಇದೆ, ಎಸ್‌ಎಸ್‌ಡೀಲೂ ಇದೆ, ಹಳೇದ್ರಲ್ಲೂ ಇದೆ. ನೀನೇ ಹೇಳಿದ್ದು."

ಅಷ್ಟರಲ್ಲಿ ಹೊರಗೆ ಆಟೋ ನಿಂತ ಸದ್ದಾಯಿತು. ಡಿಸ್ಕು ಓಡಲಿಲ್ಲ ಎಂದು ಸುಳ್ಳು ಹೇಳಬಹುದಿತ್ತು. ಆದರೆ ಸಾಕ್ಷಿ ಇದೆ ಎಂದು ಊರಿಗೆಲ್ಲ ಸಾರಿದವಳು ನಾನೇ. ವಾರಗಿತ್ತಿಯನ್ನು ಕುರ್ಚಿಯಲ್ಲಿ ಕೂರಿಸಿ, "ಹಾಕು" ಎಂದೆ.

ಅವಳು ಅಲ್ಲಾಡದೆ ನೋಡಿದಳು. ಹಂಡೆ ಟೆಂಪೋ ಹತ್ತಿತು. ನಗುತ್ತಾಳೆ, ಇಲ್ಲ ಬಯ್ಯುತ್ತಾಳೆ ಎಂದುಕೊಂಡೆ. ಅವಳು ಮೂಗಿನ ಮೇಲೆ ಕನ್ನಡಕ ಏರಿಸಿ, "ಇನ್ನೊಂದ್ಸಲ ಆಕಮ್ಮ" ಅಂದಳು. ಮೊಮ್ಮಗಳು ಹಾಕಿದಳು. "ಇಲ್ಲಿ ನಿಲ್ಸು. ಅಕ್ಕ, ನೀನು ಉಟ್ಟಿರೋ ಸೀರೆ ನಂದು."

ನಾನು ಪರದೆ ಬಿಟ್ಟು ಕಿಟಕಿ ಕಡೆ ನೋಡಿದೆ.

"ಮದ್ವೆ ಮನೇಲಿ ಉಡಕ್ಕೆ ಅಂತ ಈಸ್ಕೊಂಡಿದ್ದು. ಎಲ್ಲೈತೆ?"

ಆ ಸೀರೆ ನನ್ನ ಬೀರುವಿನಲ್ಲಿತ್ತು. ಇದೆಯೆಂದು ನನಗೆ ಗೊತ್ತೂ ಇತ್ತು. "ಇಷ್ಟು ವರ್ಷ ಯಾಕೆ ಕೇಳಲಿಲ್ಲ?" ಎಂದೆ.

"ನೀನು ಅಂಡೆ ಅಂಡೆ ಅಂತ ಬಡ್ಕೊಂತಿದ್ದೆ. ಮಧ್ಯೆ ಸೀರೆ ಕೇಳಕ್ಕೆ ಜಾಗ ಎಲ್ಲಿತ್ತು?"

ಪಣ ಪಣವೇ. ಮಾರನೆಯ ದಿನ ಸೀರೆಯನ್ನು ಕವರಿನಲ್ಲಿ ಹಾಕಿಕೊಂಡು ತಣಿಸಂದ್ರಕ್ಕೆ ಹೋದೆ. ಅವಳು ಬಾಗಿಲು ತೆರೆದು, ಒಳಗೆ ಬಾ ಎನ್ನದೆ, ಹೊಸ್ತಿಲ ಆಚೆ ಕೈಕಟ್ಟಿ ನಿಂತಳು.

"ತಪ್ಪಾಯ್ತು" ಎಂದೆ.

"ಅಂಡೆಗೋ, ಸೀರೆಗೋ?"

"ಎರಡಕ್ಕೂ ಸೇರಿಸಿ ಒಂದು."

"ಬಿಸಿಲಲ್ಲಿ ಬಂದಿದ್ದೀಯ. ಸ್ನಾನ ಮಾಡ್ಕೊಂಡು ಊಟ ಮಾಡು ಬಾ" ಎಂದು ದಾರಿ ಬಿಟ್ಟು ಬಚ್ಚಲ ಕಡೆ ಕೈ ತೋರಿಸಿದಳು. "ಗೀಸರ್ ಆಕಿದ್ದೀನಿ."

ಮಾಡಿದೆ. ನೀರು ಚೆನ್ನಾಗಿಯೇ ಕಾದಿತ್ತು. ಅದನ್ನೂ ನಾನು ಹೇಳಲಿಲ್ಲ.

ಆ ಡಿಸ್ಕಿನಲ್ಲಿ ಇನ್ನೂ ಎರಡು ಮದುವೆ, ಒಂದು ಗೃಹಪ್ರವೇಶ ಇವೆಯಂತೆ. ನೋಡುವುದು ಬೇಡ ಎಂದು ನಾವಿಬ್ಬರೂ ಊಟಕ್ಕೆ ಕೂತಾಗ ತೀರ್ಮಾನ ಮಾಡಿಕೊಂಡೆವು. ಆಟಕ್ಕೆ ಜಾಗ ಸಾಲದು, ಅಳಿಸಲೇ ಎಂದು ಮೊಮ್ಮಗಳು ಈಗ ವಾರಕ್ಕೊಮ್ಮೆ ಕೇಳುತ್ತಾಳೆ. ಅವುಗಳಲ್ಲಿ ನನ್ನ ಮೈಮೇಲೆ ಯಾರ ಯಾರ ಸೀರೆ ಇದೆಯೋ, ಯೋಚಿಸಿ ಹೇಳುತ್ತೇನೆ ಎಂದಿದ್ದೇನೆ.