ಮೊದಲು ಬಂದ ಭಂಡಾರ

ಒಂದು ಮನೆಯೊಳಗೆ ಎಷ್ಟು ಜನರಿದ್ದಾರೆಂದು ತಿಳಿಯಲು ಇಣುಕಿ ನೋಡಬೇಕಿಲ್ಲ, ಹೊಸ್ತಿಲಾಚೆಯ ಚಪ್ಪಲಿ ನೋಡಿದರೆ ಸಾಕು. ಚುನಾವಣೆಯ ದಿನಗಳಲ್ಲಿ ನಮ್ಮ ಕಟ್ಟೆಯ ಕೆಳಗೆ ಕಾಲಿಡಲು ಜಾಗವಿರಲಿಲ್ಲ. ಹೋಗುವ ಅವಸರದಲ್ಲಿ ಒಬ್ಬರ ಚಪ್ಪಲಿ ಇನ್ನೊಬ್ಬರ ಕಾಲಿಗೆ ಸೇರಿ, ಬದಲಾಯಿಸಿಕೊಳ್ಳಲು ಮರುದಿನ ಬಂದವರು ಮತ್ತೊಮ್ಮೆ ಚಹಾ ಕುಡಿದೇ ಹೋಗುತ್ತಿದ್ದರು. ಫಲಿತಾಂಶ ಬಂದ ಮೇಲೆ ಅಲ್ಲಿ ಉಳಿದದ್ದು ಒಂದೇ ಜೋಡು. ಅದು ನನ್ನದು.

ಗೆಳೆಯರೇ, ಗೋಕಾಕದಿಂದ ಮೂಡಲಗಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಹೆಂಗಸರ ಕುಪ್ಪಸ ಹೊಲಿಯುವವಳು ನಾನು. ಹಿಡಕಲ್ ಡ್ಯಾಮಿನ ನೀರು ನಮ್ಮೂರ ಕಾಲುವೆಯಲ್ಲಿ ಕಬ್ಬಿನ ಹೊಲಗಳಿಗೆ ತುಂಬಿ ಹರಿಯುತ್ತದೆ; ನಮ್ಮ ಓಣಿಯ ನಳದ ದಾರಿ ಮಾತ್ರ ಅದಕ್ಕೆ ಇನ್ನೂ ಗೊತ್ತಾಗಿಲ್ಲ. ಅದೊಂದೇ ಕಾರಣಕ್ಕೆ ಗ್ರಾಮ ಪಂಚಾಯಿತಿಗೆ ನಿಂತೆ. ಊರ ಹೆಂಗಸರೆಲ್ಲರ ಅಳತೆ ನನ್ನ ಬಳಿ ಇದೆಯಲ್ಲ, ಮನಸ್ಸಿನ ಅಳತೆಯೂ ಸಿಕ್ಕಂತೆಯೇ ಎಂದುಕೊಂಡಿದ್ದೆ. ಸೋತೆ, ಅದೂ ತಲೆ ಎತ್ತಲಾಗದಂತೆ ಸೋತೆ.

ಸೋಲಿಸಿದ್ದು ಭಂಡಾರ. ದೇವರಿಗೆ ಏರಿಸಿದ ಅರಿಶಿನ ಪುಡಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಮತದಾನದ ಹಿಂದಿನ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಎದುರಾಳಿಯ ಕಡೆಯವರು ಬೀರಪ್ಪನ ಗುಡಿಯ ಭಂಡಾರ ಹಿಡಿದು ಮನೆಮನೆಗೆ ಬಂದರು. ಮನೆಗೆ ಬಂದ ಭಂಡಾರವನ್ನು ಬೇಡವೆನ್ನುವಂತಿಲ್ಲ. ಅಂಗೈಯಲ್ಲಿ ಹಿಡಿದು ಮಾತು ಕೊಟ್ಟರೆ ಮುಗಿಯಿತು, ಮನಸ್ಸು ಎತ್ತ ಎಳೆದರೂ ಕೈ ಕೊಟ್ಟ ಮಾತಿನ ಕಡೆಗೇ ಹೋಗಬೇಕು. ಮತಗಟ್ಟೆಯ ರಟ್ಟಿನ ಮರೆ ಮನುಷ್ಯರ ಕಣ್ಣು ತಪ್ಪಿಸೀತು, ಬೀರಪ್ಪನ ಕಣ್ಣು ತಪ್ಪಿಸೀತೇ? ನನ್ನ ಹಿತೈಷಿಗಳು ಆಮೇಲೆ ಬೈದದ್ದೂ ನನ್ನನ್ನೇ. ನೀನೇ ಮೊದಲು ಒಯ್ಯಬೇಕಿತ್ತು, ಮೊದಲು ಬಂದ ಭಂಡಾರದ್ದೇ ಹಕ್ಕು ಎಂದರು. ದೇವರನ್ನು ಪ್ರಚಾರಕ್ಕೆ ದುಡಿಸಲಾರೆ ಎಂಬ ನನ್ನ ಹಟ ಅವರಿಗೆ ಬರೀ ಸೋಮಾರಿತನವಾಗಿ ಕಂಡಿತು.

ಅದೆಲ್ಲ ಸಹಿಸಿದೆ. ಸಹಿಸಲಾಗದ್ದು ಮಾಳವ್ವನದು. ಕುರಿ ಸಾಕುವ ಮನೆತನದ ಆಕೆಯ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ; ಪ್ರಚಾರದಲ್ಲಿ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದವಳು. ಫಲಿತಾಂಶದ ನಂತರ ಗೋಡೆಯಾಚೆ ಆಕೆಯ ಕೆಮ್ಮು ಕೇಳುತ್ತಿತ್ತು, ಆಕೆ ಬರುತ್ತಿರಲಿಲ್ಲ. ಕಡೆಗೊಂದು ಮುಂಜಾನೆ ಬಂದು ಬಾಗಿಲಲ್ಲೇ ನಿಂತಳು.

"ಅಕ್ಕಾ, ನಾನೂ ಭಂಡಾರ ಹಿಡದಿದ್ದೆ. ಮನಸ ನಿನ್ನ ಕಡೆ ಇತ್ತು, ಓಟಿನ ಶಿಕ್ಕಾ ಅವರಿಗೆ ಹೊಡದೆ."

ಒಳಗೆ ಬಾ ಎನ್ನುವ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಆಕೆ ಹೋದಳು, ನಾನು ಹೊಲಿಗೆ ಯಂತ್ರ ತುಳಿಯುತ್ತ ಕುಳಿತೆ. ಕುಪ್ಪಸ ಹೊಲಿಸುವವರು ಮೊದಲಿನಂತೆ ಬಂದರೂ ಹೊಸ್ತಿಲು ದಾಟದೆ, ಕಣ್ಣಿಗೆ ಕಣ್ಣು ಕೊಡದೆ, ಬಟ್ಟೆ ಕೊಟ್ಟು ಹೊರಟುಬಿಡುತ್ತಿದ್ದರು. ಗಂಡ ತೀರಿಕೊಂಡ ವರ್ಷವೂ ನನಗೆ ಇಷ್ಟು ಒಂಟಿಯೆನಿಸಿರಲಿಲ್ಲ. ಆಗ ಅಳುವುದಕ್ಕಾದರೂ ಊರು ಜೊತೆಗಿತ್ತು. ಪ್ರಜಾಪ್ರಭುತ್ವವೆಂಬ ಆ ದೊಡ್ಡ ಪದವನ್ನು ಪ್ರಚಾರದಲ್ಲಿ ಎಷ್ಟು ಸಲೀಸಾಗಿ ಆಡಿದ್ದೆನೆಂದು ನೆನೆದು ನಾಚಿಕೆಯಾಯಿತು. ಇನ್ನೆಂದೂ ಓಟು ಹಾಕಲು ಹೋಗುವುದಿಲ್ಲವೆಂದು ಹುಕ್ಕೇರಿಯ ತಂಗಿಗೆ ಫೋನು ಮಾಡಿ ಹೇಳಿಯೂ ಬಿಟ್ಟೆ.

ಸಿಟ್ಟು ಇಳಿದ ಮೇಲೆ ಒಂದು ವಿಚಾರ ಮಾತ್ರ ಬೆನ್ನು ಬಿಡಲಿಲ್ಲ. ನಳದ ನೀರು ಮಾಳವ್ವನಿಗೂ ಬೇಕಿತ್ತು, ನನಗಿಂತ ಹೆಚ್ಚೇ ಬೇಕಿತ್ತು. ಯಾರೂ ಕಾಣದ ಆ ಮರೆಯಲ್ಲಿ, ನಷ್ಟ ತನ್ನದೇ ಎಂದು ತಿಳಿದೂ, ಕೊಟ್ಟ ಮಾತಿಗೆ ನಿಂತವಳನ್ನು ಏನೆಂದು ಬೈಯಲಿ? ಇಂಥವರ ಮೇಲೆ ನಂಬಿಕೆ ಇಡದಿದ್ದರೆ ಇನ್ನಾರ ಮೇಲೆ ಇಡುವುದು, ಇಟ್ಟು ಸೋತದ್ದೂ ನಾನೇ ಅಲ್ಲವೇ? ಈ ಎರಡು ಪ್ರಶ್ನೆಗಳ ನಡುವೆ ತೂಗಾಡುತ್ತಲೇ ದಿನಗಳು ಹೋದವು.

ಗ್ರಾಮಸಭೆಗೆ ಹೋಗಬಾರದೆಂದಿದ್ದೆ, ಕಾಲು ಕೇಳಲಿಲ್ಲ. ಹಿಂದಿನ ಗೋಡೆಗೆ ಒರಗಿ ಕುಳಿತೆ. ನನ್ನ ಬಾಜೂ ಯಾರೂ ಕೂರಲಿಲ್ಲ. ನನ್ನನ್ನು ಸೋಲಿಸಿ ಗೆದ್ದ ಸದಸ್ಯರು ನೀರಿನ ಮಾತು ಬಂದಾಗ ನೋಡೋಣ, ಮಾಡೋಣ ಎನ್ನುತ್ತಿದ್ದರು. ಆಗ ಮುಂದಿನ ಸಾಲಿನಿಂದ ಮಾಳವ್ವ ಎದ್ದಳು. ಸೆರಗಿನ ಗಂಟು ಬಿಚ್ಚಿ, ಅದರೊಳಗಿನ ಭಂಡಾರವನ್ನು ಅಂಗೈಗೆ ಸುರಿದುಕೊಂಡು, ಅವರ ಮುಂದೆ ಕೈ ಚಾಚಿದಳು.

"ನಾ ನನ್ನ ಮಾತ ಉಳಿಸ್ಕೊಂಡೇನ್ರಿ. ಈಗ ನೀವು ಹಿಡೀರಿ. ಓಣಿಗೆ ನೀರ ತರತೇನಿ ಅನ್ರಿ."

ಸದಸ್ಯರು ನಕ್ಕು, ಪಂಚಾಯಿತಿಯೊಳಗೆ ದೇವರನ್ನು ತರಬಾರದು ಎಂದು ಬುದ್ಧಿ ಹೇಳಿದರು. ಹೇಳುತ್ತಲೇ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡದ್ದನ್ನು ಊರೆಲ್ಲ ನೋಡಿತು. ಆದರೂ ಮಾಳವ್ವನ ಜೊತೆ ಒಬ್ಬರೂ ಏಳಲಿಲ್ಲ. ಚಾಚಿದ ಕೈಯನ್ನು ಆಕೆ ಇಳಿಸಲಿಲ್ಲ.

ನಾನು ಎದ್ದೆ. ಕುಳಿತವರ ನಡುವೆ ದಾರಿ ಮಾಡಿಕೊಂಡು ಹೋಗಿ, ಆಕೆಯ ಮೊಣಕೈಯ ಕೆಳಗೆ ನನ್ನ ಕೈ ಕೊಟ್ಟು ನಿಂತೆ.